ಸೊಂಟದ ಚೂರಿ: ಮಡಚುವುದು ಬೇಡ, ನಾಲ್ಕು ಬೆರಳಿನ ಅಲಗು ಸಾಕು

ನನ್ನ ಬಲಗೈಯ ತೋರುಬೆರಳಿನ ತುದಿ ಮಡಚುವುದಿಲ್ಲ. ಕೆಳಗಿನ ಎರಡು ಗಂಟು ಬಾಗುತ್ತವೆ. ತುದಿಯ ಗಂಟು ಮಾತ್ರ ಸದಾ ನೆಟ್ಟಗೆ ನಿಂತಿರುತ್ತದೆ. ಕಾಫಿ ಕೊಯ್ಯುವಾಗ, ಅಂಗಿಯ ಗುಂಡಿ ಹಾಕುವಾಗ ಅದರ ಕೊರತೆ ದಿನಾ ಗೊತ್ತಾಗ್ತದೆ. ಇದಕ್ಕೆ ಕಾರಣ ಎರಡು: ಒಂದು ಮಡಚುವ ಚೂರಿ, ಮತ್ತೊಂದು ಒಂದು ಚಮಚ ಕಾಫಿಪುಡಿ.

ಗೋಣಿಕೊಪ್ಪಲಿನ ಹತ್ತಿರ ನಮ್ಮದು ಸಣ್ಣ ತೋಟ. ಒಂದು ಮಳೆಗಾಲದ ಬೆಳಿಗ್ಗೆ ಇಳಿಜಾರಿನಲ್ಲಿ ಕಟ್ಟಿದ್ದ ಕಡಸು ಸಿಲ್ವರ್ ಓಕ್ ಮರಕ್ಕೆ ಸುತ್ತು ಬಂದು ಕೆಳಕ್ಕೆ ಜಾರಿತ್ತು. ನೈಲಾನ್ ಹಗ್ಗ ಕೊರಳಿಗೆ ಬಿಗಿದು ನಾಲಗೆ ಹೊರಗೆ ಬಂದಿತ್ತು. ಗಂಟು ಬಿಚ್ಚುವ ಹಾಗೇ ಇಲ್ಲ, ಮೈಭಾರಕ್ಕೆ ಬಿಗಿದು ಕಲ್ಲಾಗಿದೆ. ಜೇಬಿನಲ್ಲಿ ಸಂತೆಯಲ್ಲಿ ಕೊಂಡ ಮಡಚುವ ಚೂರಿ ಇತ್ತು. ಒದ್ದೆ ಕೈಯಲ್ಲಿ ಅದನ್ನು ಬಿಡಿಸುವುದಕ್ಕೇ ಅರ್ಧ ನಿಮಿಷ ಹೋಯ್ತು. ಹಗ್ಗದ ಅಡಿಗೆ ಮೊನೆ ತೂರಿಸಿ ಮೇಲಕ್ಕೆ ಎಳೆದೆ. ಅಷ್ಟರಲ್ಲಿ ಕಡಸು ಕೊಸರಿತು. ಅಲಗು ಹಿಂದಕ್ಕೆ ಮಡಚಿ ನನ್ನ ಬೆರಳ ಮೇಲೇ ಮುಚ್ಚಿಕೊಂಡಿತು. ಮನೆಯವಳು ಅಡುಗೆಮನೆಯಿಂದ ಕತ್ತಿ ಹಿಡಿದು ಓಡಿ ಬಂದು ಹಗ್ಗ ಕಡಿದಳು. ಕಡಸು ಉಳಿಯಿತು. ನಾನು ಗಾಯಕ್ಕೆ ಕಾಫಿಪುಡಿ ಮೆತ್ತಿ, ಬಟ್ಟೆ ಸುತ್ತಿ ಕೆಲಸಕ್ಕೆ ಹೋದೆ. ಗಾಯ ಮಾಗಿತು, ಬೆರಳು ಮಡಚಲಿಲ್ಲ. ಒಂದು ತಿಂಗಳಾದ ಮೇಲೆ ಡಾಕ್ಟರರು ನೋಡಿ, "ಒಳಗೆ ನರಿ ಕಡಿದಿದೆ, ಬೆರಳು ಮಡಚುವ ಹುರಿ ಅದು. ಆ ದಿನವೇ ಬಂದಿದ್ದರೆ ಹೊಲಿಯುತ್ತಿದ್ದೆವು" ಅಂದರು.

ಅಂದಿನಿಂದ ನನ್ನ ಸೊಂಟದಲ್ಲಿ ಮಡಚದ ಸಣ್ಣ ಚೂರಿ ಉಂಟು. ಮೊದಲು ಮಾಡಿಸಿದ್ದು ಸರಿಯಾಗಲಿಲ್ಲ. ಎರಡನೆಯದೂ ಅಷ್ಟಕ್ಕಷ್ಟೆ. ಮೂರನೆಯದು ಹೊಂದಿತು. ಹೀಗೆ ಮಾಡಿಸಿ, ಕೆಡಿಸಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಚೂರಿ ಕೊಳ್ಳುವವರಿಗೂ ಆಚಾರಿಯಲ್ಲಿ ಮಾಡಿಸುವವರಿಗೂ ಉಪಯೋಗವಾದೀತು.

ಕತ್ತಿಯ ಕೆಲಸ ಬೇರೆ, ಚೂರಿಯ ಕೆಲಸ ಬೇರೆ

ಕೊಡಗಿನವರಿಗೆ ಸೊಂಟದ ಕತ್ತಿ ಹೊಸದಲ್ಲ. ಕುಪ್ಯ ತೊಟ್ಟು ಚೇಲೆ ಕಟ್ಟಿದಾಗ ಮುಂದೆ ಪೀಚೆಕತ್ತಿ, ಬೆನ್ನ ಹಿಂದೆ ಒಡಿಕತ್ತಿ. ಮೊದಲನೆಯದು ನೆಟ್ಟನೆಯ ಸಣ್ಣ ಅಲಗು. ಎರಡನೆಯದು ಅಗಲವಾದ, ಒಳಬಾಗಿದ ಭಾರದ ಅಲಗು. ಮದುವೆಯಲ್ಲಿ ಬಾಳೆ ಕಡಿಯುವುದು ಈ ಒಡಿಕತ್ತಿಯಿಂದಲೇ. ಕರಾವಳಿಯವರು ಸಣ್ಣ ಚೂರಿಗೆ ಪೀಶಕತ್ತಿ ಅನ್ನುತ್ತಾರೆ, ಗಡಿ ದಾಟಿದರೆ ಮಲಯಾಳದಲ್ಲಿ ಪಿಚ್ಚಾತ್ತಿ. ಹೆಸರುಗಳು ಎಷ್ಟು ಹತ್ತಿರ ನೋಡಿ. ಹಿರಿಯರು ಎರಡು ಕತ್ತಿ ಇಟ್ಟುಕೊಂಡದ್ದರಲ್ಲಿ ಒಂದು ಲೆಕ್ಕ ಉಂಟು. ಕಡಿಯುವುದಕ್ಕೆ ಒಂದು, ಕೊಯ್ಯುವುದಕ್ಕೆ ಇನ್ನೊಂದು. ಒಂದರಿಂದ ಎರಡೂ ಕೆಲಸ ಆಗ್ಲಿಕ್ಕಿಲ್ಲ.

ತೋಟದಲ್ಲಿ ದಿನಕ್ಕೆ ಎಷ್ಟು ಸಲ ಸಣ್ಣ ಚೂರಿ ಬೇಕಾಗ್ತದೆ ಎಂದು ಒಂದು ವಾರ ಗಮನಿಸಿದೆ. ಗೊಬ್ಬರದ ಚೀಲದ ಹೊಲಿಗೆ ಬಿಡಿಸಲು, ಮೆಣಸಿನ ಬಳ್ಳಿ ಕಟ್ಟಿದ ಹಗ್ಗ ತುಂಡು ಮಾಡಲು, ತುಂತುರು ನೀರಾವರಿಯ ಕಪ್ಪು ಪೈಪು ಕೊಯ್ಯಲು, ನರ್ಸರಿ ತೊಟ್ಟೆ ಹರಿಯಲು, ಬಾಳೆ ಎಲೆ ತೆಗೆಯಲು, ಒಣಗಿದ ರೆಂಬೆಯೊಳಗೆ ಹುಳು ಉಂಟೋ ಎಂದು ಸೀಳಿ ನೋಡಲು, ಕಿತ್ತಳೆ ಸುಲಿಯಲು. ಯಾವುದಕ್ಕೂ ದೊಡ್ಡ ಕತ್ತಿ ಬೇಡ. ಆದರೆ ಕತ್ತಿ ಕೈಯಲ್ಲಿ ಇದ್ದರೆ ಅದರಿಂದಲೇ ಮಾಡ್ತೇವೆ, ಗಾಯ ಆಗುವುದೂ ಆಗಲೇ.

ಇನ್ನೊಂದು ಮಾತು. ಕಾಫಿಯ ಚಿಗುರು ತೆಗೆಯುವ, ರೆಂಬೆ ಸವರುವ ಕೆಲಸಕ್ಕೆ ಕತ್ತರಿಯೇ ಸರಿ. ಮರ ಸವರಲು ಕತ್ತಿಯೇ ಸರಿ. ಸೊಂಟದ ಚೂರಿಯಿಂದ ಕಡಿಯಬಾರದು, ಮೀಟಬಾರದು. ಡಬ್ಬದ ಮುಚ್ಚಳ ಮೀಟಿ ಮೊನೆ ಮುರಿದುಕೊಂಡದ್ದು ನನ್ನ ಮೊದಲ ಚೂರಿಯ ಕತೆ.

ಮಡಚುವುದು ಯಾಕೆ ಬೇಡ?

ಮಡಚುವ ಚೂರಿ ಜೇಬಿನಲ್ಲಿ ಹಿಡಿಸ್ತದೆ, ಅದು ನಿಜ. ಆದರೆ ಅದರ ಕೀಲೇ ಅದರ ದೌರ್ಬಲ್ಯ. ನಾವು ಹಿಡಿಯುವಾಗ ಬೆರಳುಗಳ ಒಳಭಾಗ ಅಲಗು ಮಡಚಿ ಕೂರುವ ಸೀಳಿನ ಕಡೆಗೇ ಇರುತ್ತದೆ. ಮೊನೆಯಿಂದ ಚುಚ್ಚಿದಾಗಲೋ, ಬೆನ್ನಿನ ಮೇಲೆ ಒತ್ತಡ ಬಿದ್ದಾಗಲೋ ಅಲಗು ಹಿಂದಕ್ಕೆ ಬಂದರೆ ನೇರ ಬೆರಳಿನ ಒಳಭಾಗಕ್ಕೇ ಬೀಳುತ್ತದೆ. ಬೆರಳು ಮಡಚುವ ಹುರಿಗಳು ಇರುವುದೂ ಅಲ್ಲೇ. ಒಳ್ಳೆಯ ಮಡಚುವ ಚೂರಿಗಳಿಗೆ ಬೀಗದ ಪಟ್ಟಿ ಇರುತ್ತದೆ. ಆದರೆ ನಮ್ಮ ಮಣ್ಣು, ಬಾಳೆಯ ಅಂಟು, ಹಲಸಿನ ಮೇಣ ಆ ಸಂದಿಗೆ ಹೊಕ್ಕಿತೆಂದರೆ ಬೀಗ ಪೂರ್ತಿ ಕೂರುವುದಿಲ್ಲ. ಮಳೆಗಾಲದಲ್ಲಿ ಕೀಲು ತುಕ್ಕು ಹಿಡಿಯುತ್ತದೆ. ತೆರೆಯಲು ಎರಡು ಕೈ ಬೇಕು. ಒಂದು ಕೈಯಲ್ಲಿ ಹಸುವಿನ ಮೂಗುದಾರ ಹಿಡಿದಿದ್ದರೆ?

ಮಡಚದ ಚೂರಿಗೆ ಕೀಲಿಲ್ಲ, ಸಂದಿಲ್ಲ. ಒಂದೇ ಕೈಯಲ್ಲಿ ಎಳೆಯಬಹುದು, ತೊಳೆದು ಒರೆಸಿದರೆ ಆಯಿತು. ಅದಕ್ಕೆ ಬೇಕಾದದ್ದು ಒಂದೇ, ಒಳ್ಳೆಯ ಒರೆ. ಆ ವಿಷಯ ಮುಂದೆ ಬರ್ತದೆ.

ಅಳತೆ

ಎಲ್ಲರೂ ಮೊದಲು ಮಾಡುವ ತಪ್ಪು ದೊಡ್ಡದನ್ನು ಆರಿಸುವುದು. ನನ್ನ ಮೊದಲ ಚೂರಿಯ ಅಲಗು ಆರು ಇಂಚು. ಬಗ್ಗಿದರೆ ತೊಡೆಗೆ ಒತ್ತುತ್ತಿತ್ತು, ಜೀಪಿನಲ್ಲಿ ಕೂತರೆ ಸೀಟಿಗೆ ತಾಗುತ್ತಿತ್ತು. ಹಾಗಾಗಿ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೆ. ಮನೆಯಲ್ಲಿ ಉಳಿದ ಚೂರಿ ಎಷ್ಟು ಒಳ್ಳೆಯದಾದರೂ ಏನು ಪ್ರಯೋಜನ?

ಫಿನ್ಲೆಂಡ್ ದೇಶದ ಹಳ್ಳಿಗರು ಸೊಂಟಕ್ಕೆ ಕಟ್ಟುವ ಚೂರಿಗೆ ಪುಕ್ಕೋ ಎಂದು ಹೆಸರು. ಅದರ ಅಲಗು ಅಂಗೈಯ ಅಗಲದಷ್ಟು ಇರಬೇಕೆಂಬುದು ಅಲ್ಲಿನ ಹಳೆಯ ಅಳತೆ. ಪಕ್ಕದ ಸ್ವೀಡನ್ನಿನ ಮೋರಾ ಎಂಬ ಊರು ಚೂರಿಗೇ ಹೆಸರಾದದ್ದು. ಅಲ್ಲಿ 1891ರಲ್ಲಿ ಶುರುವಾದ ಕಾರ್ಖಾನೆಯ ಚೂರಿಗಳನ್ನು ಈಗಲೂ ರೈತರು, ಬಡಗಿಗಳು ಬಳಸುತ್ತಾರೆ. ಅವುಗಳ ಅಲಗೂ ನಾಲ್ಕು ಇಂಚಿನ ಆಸುಪಾಸು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ನಾಲ್ಕು ಬೆರಳಗಲ. ನಿಮ್ಮ ನಾಲ್ಕು ಬೆರಳು ಜೋಡಿಸಿ ಅಳೆದುಕೊಳ್ಳಿ. ಮೂರರಿಂದ ಮೂರೂವರೆ ಇಂಚು ಬರ್ತದೆ. ಅರ್ಧ ಇಂಚು ಹೆಚ್ಚಾದರೆ ತೊಂದರೆಯಿಲ್ಲ.

ನಾನು ಆಚಾರರಿಗೆ ಕೊಟ್ಟ ಅಳತೆ ಇದು:

ಅಲಗಿನ ಉದ್ದ ಮೂರೂವರೆ ಇಂಚು. ಅಗಲ ಒಂದು ಇಂಚು. ಬೆನ್ನಿನ ದಪ್ಪ ಎರಡೂವರೆಯಿಂದ ಮೂರು ಮಿಲಿಮೀಟರ್. ಬಾಯಿ ಒಂದೇ ಕಡೆ. ಹಿಡಿ ನಾಲ್ಕೂಕಾಲು ಇಂಚು, ಅಂದರೆ ಅಲಗಿಗಿಂತ ಉದ್ದ. ಮೊನೆ ಬೆನ್ನಿನಿಂದ ಸ್ವಲ್ಪ ಇಳಿದು ಬಂದಿರಬೇಕು, ಸೂಜಿಯ ಹಾಗೆ ಚೂಪಾಗಬಾರದು. ಚೀಲ ಸೀಳಲು ಅಷ್ಟು ಸಾಕು, ಬೇಗ ಮುರಿಯುವುದಿಲ್ಲ, ಎಡವಿ ಬಿದ್ದರೂ ಅಪಾಯ ಕಡಿಮೆ.

ದಪ್ಪ ಹೆಚ್ಚಾದರೆ ಗಟ್ಟಿ ಎಂದು ನಂಬಿಕೆ. ಐದು ಮಿಲಿಮೀಟರ್ ದಪ್ಪದ ಚೂರಿ ಕಿತ್ತಳೆಯನ್ನು ಕೊಯ್ಯುವುದಿಲ್ಲ, ಬೆಣೆಯ ಹಾಗೆ ಒಡೆಯುತ್ತದೆ. ಪೈಪು ಕೊಯ್ಯುವಾಗ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಆಗ ನಾವು ಜೋರು ಹಾಕ್ತೇವೆ, ಜೋರು ಹಾಕಿದಾಗಲೇ ಕೈ ಜಾರುವುದು.

ಕಬ್ಬಿಣ ಯಾವುದು?

"ಸಾವ್ಕಾರ್ರೇ, ಚೂರಿಯ ಗುಣ ಅರ್ಧ ಕಬ್ಬಿಣದ್ದು, ಅರ್ಧ ಹದದ್ದು. ನನ್ನ ಕೈಯದ್ದು ಏನೂ ಇಲ್ಲ" ಎಂದು ನಮ್ಮ ಆಚಾರರು ಹೇಳುತ್ತಾರೆ. ಅವರ ಕೈಯದ್ದೂ ಉಂಟೆನ್ನಿ. ಆದರೆ ಮಾತು ಸರಿ.

ಮನೆ ಕಟ್ಟಿ ಮಿಕ್ಕಿದ ಕಂಬಿಯಿಂದ ಚೂರಿ ಮಾಡಿಸಬೇಡಿ. ಅದರಲ್ಲಿ ಇಂಗಾಲ ಕಡಿಮೆ. ಎಷ್ಟು ಕಾಯಿಸಿ ಅದ್ದಿದರೂ ಚೂರಿಗೆ ಬೇಕಾದ ಗಡಸು ಬರುವುದಿಲ್ಲ. ಮಸೆದರೆ ಹರಿತವಾಗ್ತದೆ, ಎರಡು ಚೀಲ ಬಿಡಿಸುವಷ್ಟರಲ್ಲಿ ಬಾಯಿ ಮಡಚುತ್ತದೆ. ನನ್ನ ಎರಡನೆಯ ಚೂರಿ ಹಾಳಾದದ್ದು ಹೀಗೆ.

ಹಳ್ಳಿಯ ಕುಲುಮೆಗೆ ಹೇಳಿ ಮಾಡಿಸಿದ್ದು ಲಾರಿ, ಜೀಪಿನ ಹಳೆಯ ಸ್ಪ್ರಿಂಗ್ ಪಟ್ಟಿ. ಅದರಲ್ಲಿ ಇಂಗಾಲ ಸುಮಾರು ಶೇಕಡಾ ಅರ್ಧ, ಅಥವಾ ಸ್ವಲ್ಪ ಹೆಚ್ಚು. ಹದ ಚೆನ್ನಾಗಿ ಹಿಡಿಯುತ್ತದೆ, ತಟ್ಟನೆ ಮುರಿಯುವುದಿಲ್ಲ. ಜೀಪಿನ ಪಟ್ಟಿ ತೆಳು, ಬಡಿಯುವ ಶ್ರಮ ಕಡಿಮೆ. ಮುರಿದ ಪಟ್ಟಿಯಾದರೆ ಮುರಿದ ಜಾಗ ಮತ್ತು ಬೋಲ್ಟಿನ ತೂತಿನ ಅಕ್ಕಪಕ್ಕ ಬಿಟ್ಟುಬಿಡಿ. ಕಣ್ಣಿಗೆ ಕಾಣದ ಬಿರುಕು ಅಲ್ಲಿರಬಹುದು.

ಕಬ್ಬಿಣ ಕೊಯ್ಯುವ ಯಂತ್ರದ ಗರಗಸದ ಪಟ್ಟಿಯಿಂದಲೂ ಚೂರಿ ಮಾಡುತ್ತಾರೆ. ಅದು ಬಹಳ ಗಡಸು, ಹರಿತ ತುಂಬಾ ದಿನ ನಿಲ್ಲುತ್ತದೆ. ಆದರೆ ಅದನ್ನು ಕಾಯಿಸಿ ಬಡಿಯಬಾರದು. ಅದರ ಹದವನ್ನು ಮತ್ತೆ ತರಲು ಹಳ್ಳಿಯ ಕುಲುಮೆಗೆ ಆಗುವುದಿಲ್ಲ. ಇದ್ದ ಹಾಗೇ ಸಾಣೆಯಲ್ಲಿ ಉಜ್ಜಿ ರೂಪ ಕೊಡಬೇಕು. ಗಾಜಿನ ಗುಣ ಅದರದ್ದು, ಕಲ್ಲಿನ ಮೇಲೆ ಬಿದ್ದರೆ ಎರಡು ತುಂಡು. ಕಸಿ ಕಟ್ಟುವವರಿಗೆ ಒಳ್ಳೆಯದು, ತೋಟದಲ್ಲಿ ಓಡಾಡುವವರಿಗೆ ಬೇಡ.

ಕಬ್ಬಿಣ ಯಾವುದೆಂದು ಗೊತ್ತಿಲ್ಲದಿದ್ದರೆ ಗ್ರೈಂಡರಿಗೆ ಹಿಡಿದು ಕಿಡಿ ನೋಡಿ. ಮೆದು ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆಗಳಾಗಿ ಹೋಗುತ್ತದೆ. ಇಂಗಾಲ ಹೆಚ್ಚಿದ್ದರೆ ಸುರುಸುರು ಬತ್ತಿಯ ಹಾಗೆ ಕವಲೊಡೆದು ನಕ್ಷತ್ರ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಮರೆಯಬೇಡಿ.

ಅಂಗಡಿಯ ಸ್ಟೀಲ್ ಚೂರಿ ಕೊಳ್ಳುವವರು ಒಂದು ಅಯಸ್ಕಾಂತ ಒಯ್ಯಿರಿ. ಪಾತ್ರೆ ಮಾಡುವ ಸಾಮಾನ್ಯ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ, ಅದು ಕಾಯಿಸಿ ಅದ್ದಿದರೂ ಗಡಸಾಗುವುದಿಲ್ಲ. ಚೂರಿಗೆ ಬಳಸುವ ಸ್ಟೀಲಿಗೆ ಅಂಟುತ್ತದೆ. ಅಂಟಿದ್ದೆಲ್ಲ ಒಳ್ಳೆಯದೆಂದಲ್ಲ. ಅಂಟದೆ ಇದ್ದದ್ದು ಖಂಡಿತ ಬೇಡ.

ಹದ

ಹದ ಹಾಕುವಾಗ ನಾನು ಕುಲುಮೆಯ ಹತ್ತಿರವೇ ಕೂತಿದ್ದೆ. ಮೊದಲು ಅಲಗನ್ನು ಕೆಂಪಗೆ ಕಾಯಿಸುವುದು. ಎಷ್ಟು ಕೆಂಪು? ಉಕ್ಕು ಸುಮಾರು 770 ಡಿಗ್ರಿ ದಾಟಿದಾಗ ಅಯಸ್ಕಾಂತಕ್ಕೆ ಅಂಟುವುದು ನಿಲ್ಲುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ಕಾಯ್ದಾಗ ಅದ್ದಬೇಕು. ಆಚಾರರಿಗೆ ಕಣ್ಣೇ ಸಾಕು. ಆದರೆ ಅವರೂ ಈ ಕೆಲಸವನ್ನು ಮಟಮಟ ಮಧ್ಯಾಹ್ನ ಮಾಡುವುದಿಲ್ಲ. ಬಿಸಿಲಿನಲ್ಲಿ ಬಣ್ಣ ಮೋಸ ಮಾಡುತ್ತದೆ, ಮಬ್ಬುಗತ್ತಲಲ್ಲಿ ಸರಿಯಾಗಿ ಕಾಣುತ್ತದೆ.

ಸ್ಪ್ರಿಂಗ್ ಪಟ್ಟಿಯನ್ನು ಎಣ್ಣೆಯಲ್ಲಿ ಅದ್ದಬೇಕು. ತಣ್ಣೀರಿಗೆ ಹಾಕಿದರೆ ತೆಳು ಅಲಗು ಬಿರುಕು ಬಿಡುವುದುಂಟು. ಅದ್ದಿ ತೆಗೆದ ಅಲಗು ಗಡಸು, ಆದರೆ ಪೆಡಸು. ಕೆಳಗೆ ಬಿದ್ದರೆ ಮುರಿದೀತು. ಹಾಗಾಗಿ ಎರಡನೆಯ ಬಿಸಿ. ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಕಾಯಿಸುವುದು. ಬಾಯಿಯ ಕಡೆಗೆ ಒಣಹುಲ್ಲಿನ ಬಣ್ಣ ಹತ್ತಿದ ಕೂಡಲೇ ನಿಲ್ಲಿಸಬೇಕು. ಅದು 200 ಡಿಗ್ರಿಯಿಂದ 230 ಡಿಗ್ರಿಯ ಆಸುಪಾಸು. ಬಾಯಿ ನೀಲಿಗೆ ತಿರುಗಿತೆಂದರೆ ಹದ ಇಳಿಯಿತು, ಮೆದುವಾಯಿತು. ಮನೆಯಲ್ಲಿ ಕೇಕ್ ಮಾಡುವ ಓವನ್ ಇದ್ದರೆ 200 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೂ ಆಗ್ತದೆ.

ಪರೀಕ್ಷೆ ಸುಲಭ. ಹೊಸ ಅರವನ್ನು ಬಾಯಿಯ ಹತ್ತಿರ ಎಳೆಯಿರಿ. ಬೆಣ್ಣೆಯ ಹಾಗೆ ಕೊರೆದರೆ ಮೆದು. ಸ್ವಲ್ಪ ಕಚ್ಚಿ ಜಾರಿದರೆ ಸರಿ.

ಹದ ಆದ ಮೇಲೆ ಗ್ರೈಂಡರಿಗೆ ಕೊಟ್ಟು ಹರಿತ ಮಾಡಿಸಬೇಡಿ. ಕಿಡಿ ಹಾರುವಾಗ ತೆಳು ಬಾಯಿ ಒಂದೇ ಕ್ಷಣದಲ್ಲಿ ನೀಲಿಯಾಗ್ತದೆ. ಆಚಾರರ ಅರ್ಧ ದಿನದ ಕೆಲಸ ಅಲ್ಲಿಗೆ ಹೋಯಿತು.

ಹಿಡಿ

ಅಲಗಿನ ಕಬ್ಬಿಣ ಹಿಡಿಯ ಒಳಗೆ ಎಷ್ಟು ದೂರ ಹೋಗಿದೆ ಎಂದು ಮೊದಲು ನೋಡಿ. ಅಗ್ಗದ ಚೂರಿಗಳಲ್ಲಿ ಒಂದು ಇಂಚಿನ ಕಡ್ಡಿ ಹೊಕ್ಕಿರುತ್ತದೆ, ಅಷ್ಟೆ. ಸರಿಯಾದ ಕ್ರಮ ಎಂದರೆ ಅದೇ ಪಟ್ಟಿ ಹಿಡಿಯ ಕೊನೆಯವರೆಗೆ ಬಂದು, ಎರಡೂ ಕಡೆ ಮರದ ಚಕ್ಕೆ ಕೂರಿಸಿ, ಮೂರು ಕಡೆ ಹಿತ್ತಾಳೆಯ ಕಡ್ಡಿ ಬಡಿಯುವುದು. ಹಳೆಯ ಕ್ರಮದಲ್ಲಿ ಅರಗು ತುಂಬಿ ಕೂರಿಸುತ್ತಾರೆ. ಅದೂ ಒಳ್ಳೆಯದೇ, ಆದರೆ ಬೆಂಕಿಯ ಹತ್ತಿರ ಇಡಬಾರದು.

ಮರಕ್ಕೆ ದೂರ ಹೋಗಬೇಕಿಲ್ಲ. ಬುಡಸಮೇತ ತೆಗೆದ ಹಳೆಯ ಕಾಫಿ ಗಿಡದ ಕಾಂಡ ಗಟ್ಟಿ, ನುಣುಪು. ನೆರಳಿನಲ್ಲಿ ಒಂದು ವರ್ಷ ಒಣಗಿಸಿದ್ದರೆ ಹಿಡಿಗೆ ಬಹಳ ಚೆಂದ. ನನ್ನದು ಅದೇ. ವಾರ್ನಿಷ್ ಬೇಡ, ಒದ್ದೆ ಕೈಯಲ್ಲಿ ಜಾರುತ್ತದೆ. ಅಗಸೆ ಎಣ್ಣೆ ಎರಡು ಮೂರು ಸಲ ಕುಡಿಸಿದರೆ ಸಾಕು.

ಅತಿ ಮುಖ್ಯವಾದದ್ದು ಬೆರಳಿನ ತಡೆ. ಹಿಡಿ ಮುಗಿದು ಬಾಯಿ ಶುರುವಾಗುವಲ್ಲಿ ಕೆಳಕ್ಕೆ ಒಂದು ಸಣ್ಣ ಮೊಳಕೆ ಅಥವಾ ಗುಂಡಿ ಇರಬೇಕು. ಚುಚ್ಚುವಾಗ ಕೈ ಮುಂದೆ ಜಾರಿದರೆ ಬೆರಳು ಅಲ್ಲಿ ನಿಲ್ಲುತ್ತದೆ. ಅಡುಗೆಮನೆಯ ಚೂರಿ ತೋಟಕ್ಕೆ ಒಯ್ಯಬಾರದು ಎನ್ನುವುದು ಇದಕ್ಕೇ. ಅದಕ್ಕೆ ಈ ತಡೆ ಇರುವುದಿಲ್ಲ. ಕೊಳ್ಳುವ ಮೊದಲು ಕೈ ಒದ್ದೆ ಮಾಡಿ, ಸ್ವಲ್ಪ ಸೋಪು ಹಚ್ಚಿ, ಒರೆಯಲ್ಲಿದ್ದ ಹಾಗೇ ಹಿಡಿದು ನೋಡಿ. ಜಾರಿದರೆ ಬೇಡ.

ಹಿಡಿಯ ಕೊನೆಗೆ ಒಂದು ತೂತು ಕೊರೆಸಿ, ಅದಕ್ಕೆ ಕೆಂಪು ದಾರ ಕಟ್ಟಿ. ಕಾಫಿಯ ತರಗೆಲೆಯಲ್ಲಿ ಬಿದ್ದ ಚೂರಿ ಹುಡುಕಿದವರಿಗೆ ಇದರ ಬೆಲೆ ಗೊತ್ತು.

ಒರೆ: ಪೈಪಿನ ತುಂಡು ಸಾಕು

ಚರ್ಮದ ಒರೆ ನೋಡಲು ಚೆಂದ. ನಮ್ಮ ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಅದು ಒಣಗುವುದಿಲ್ಲ. ಬೂಸಲು ಹಿಡಿಯುತ್ತದೆ, ಒಳಗಿನ ತೇವಕ್ಕೆ ಅಲಗು ತುಕ್ಕಾಗ್ತದೆ. ಹೊಲಿಗೆ ಕೊಳೆತು ಬಾಯಿ ಹೊರಗೆ ಇಣುಕಿದರೆ ತೊಡೆಗೇ ಅಪಾಯ.

ನಾನು ಮಾಡಿಕೊಂಡದ್ದು ಪಿವಿಸಿ ಪೈಪಿನ ಒರೆ. 25 ಮಿಲಿಮೀಟರ್ ಪೈಪು, ಅಂದರೆ ಮುಕ್ಕಾಲು ಇಂಚಿನದ್ದು, ಐದೂವರೆ ಇಂಚು ಉದ್ದದ ತುಂಡು. ಚಪ್ಪಟೆ ಮಾಡಿದಾಗ ಒಂದು ಇಂಚು ಅಗಲದ ಅಲಗು ಒಳಗೆ ಸರಿಯಾಗಿ ಹಿಡಿಸ್ತದೆ. ಅಲಗಿನ ಬಾಯಿಗೆ ಟೇಪು ಅಂಟಿಸಿ, ಮೇಲೆ ಎರಡು ಸುತ್ತು ದಪ್ಪ ಕಾಗದ ಸುತ್ತಿ ಸಿದ್ಧ ಇಡಿ. ಪೈಪಿನ ತುಂಡನ್ನು ಕುದಿಯುವ ನೀರಿನಲ್ಲಿ ನಾಲ್ಕೈದು ನಿಮಿಷ ಬಿಡಿ, ಮೆತ್ತಗಾಗ್ತದೆ. ಇಕ್ಕುಳದಲ್ಲಿ ತೆಗೆದು, ಚೂರಿಯನ್ನು ಹಿಡಿಯ ಮುಕ್ಕಾಲು ಇಂಚು ಸೇರುವವರೆಗೆ ತೂರಿಸಿ. ಹಿಡಿ ದಪ್ಪ ಇದ್ದರೆ ಪೈಪಿನ ಆ ತುದಿಯನ್ನು ಮೊದಲು ಒಂದು ಬೆಣೆಯಿಂದ ಅಗಲ ಮಾಡಿಕೊಳ್ಳಿ. ಎರಡು ಹಲಗೆಯ ನಡುವೆ ಇಟ್ಟು ಮೇಲೆ ಕಲ್ಲು ಹೇರಿ. ಹತ್ತು ನಿಮಿಷದಲ್ಲಿ ತಣಿದು ಗಟ್ಟಿಯಾಗ್ತದೆ. ಒಮ್ಮೆಗೆ ಸರಿಬರದಿದ್ದರೆ ಮತ್ತೆ ಬಿಸಿನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗ್ತದೆ. ಬೆಂಕಿಯ ಮೇಲೆ ನೇರ ಹಿಡಿಯಬೇಡಿ. ಸುಟ್ಟ ಪಿವಿಸಿಯ ಹೊಗೆ ಆಮ್ಲದ ಹೊಗೆ, ಎದೆಗೆ ಕೆಟ್ಟದು.

ಕೆಳತುದಿ ಪೂರ್ತಿ ಮುಚ್ಚಬೇಡಿ, ನೀರು ಇಳಿಯಲು ಸಣ್ಣ ಸಂದಿ ಇರಲಿ. ಮೇಲ್ಭಾಗಕ್ಕೆ ಬೆಲ್ಟಿನ ಪಟ್ಟಿಯೊಂದನ್ನು ರಿವೆಟ್ ಹೊಡೆಸಿ. ಸರಿಯಾದ ಒರೆಯ ಪರೀಕ್ಷೆ: ತಲೆಕೆಳಗೆ ಮಾಡಿ ಕುಡುಗಿದರೂ ಚೂರಿ ಬೀಳಬಾರದು, ಹೆಬ್ಬೆರಳಿನಿಂದ ಒತ್ತಿದರೆ ಹೊರಗೆ ಬರಬೇಕು.

ಎಲ್ಲಿ ಕಟ್ಟುವುದು? ಮುಂದೆ ಬೇಡ, ಬಗ್ಗಿದಾಗ ಹೊಟ್ಟೆಗೆ ಒತ್ತುತ್ತದೆ. ಬೆನ್ನುಮೂಳೆಯ ಮೇಲೆ ಬೇಡವೇ ಬೇಡ. ಏಣಿಯಿಂದ ಬೆನ್ನು ಕೆಳಗಾಗಿ ಬಿದ್ದರೆ ಗಟ್ಟಿ ವಸ್ತು ಅಲ್ಲಿರಬಾರದು. ಬಲಗೈಯವರು ಬಲಸೊಂಟದಿಂದ ಸ್ವಲ್ಪ ಹಿಂದಕ್ಕೆ ಕಟ್ಟಿ. ಲುಂಗಿ ಉಡುವವರು, ಸೀರೆಯ ಮೇಲೆ ಅಂಗಿ ತೊಟ್ಟು ಕೆಲಸ ಮಾಡುವ ಹೆಂಗಸರು ಬಟ್ಟೆಯ ಪಟ್ಟಿಯೊಂದನ್ನು ಬಿಗಿದು ಅದಕ್ಕೆ ಸಿಕ್ಕಿಸಬಹುದು. ಮೆಣಸು ಕೊಯ್ಯಲು ಏಣಿ ಹತ್ತುವವರ ಸೊಂಟದಲ್ಲಿ ಒರೆಯಿಲ್ಲದ ಚೂರಿ ಕಂಡರೆ ಅವರನ್ನು ಹತ್ತಗೊಡಬೇಡಿ. ಬೈದರೂ ಅಡ್ಡಿಯಿಲ್ಲ.

ಮಸೆಯುವುದು

ಮೊಂಡು ಚೂರಿಯೇ ಹೆಚ್ಚು ಗಾಯ ಮಾಡುವುದು. ಜೋರು ಹಾಕಬೇಕಾಗ್ತದಲ್ಲ, ಅದಕ್ಕೆ. ಒಂದು ಕಡೆ ಒರಟು, ಇನ್ನೊಂದು ಕಡೆ ನುಣುಪು ಇರುವ ಕಾರ್ಬೊರಂಡಂ ಕಲ್ಲು ತಂದಿಟ್ಟುಕೊಳ್ಳಿ. ನೀರು ಸಾಕು, ಎಣ್ಣೆ ಬೇಡ.

ಕಲ್ಲಿಗೂ ಅಲಗಿಗೂ ಎಷ್ಟು ಓರೆ ಇರಬೇಕು? ಸುಮಾರು ಇಪ್ಪತ್ತು ಡಿಗ್ರಿ. ಅಳೆಯುವುದು ಹೀಗೆ. ಒಂದು ಕಾಗದದ ಮೂಲೆ 90 ಡಿಗ್ರಿ. ಅದನ್ನು ಅರ್ಧಕ್ಕೆ ಮಡಚಿದರೆ 45, ಇನ್ನೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಆ ಮೂಲೆಯನ್ನು ಕಲ್ಲಿನ ಮೇಲೆ ನಿಲ್ಲಿಸಿ, ಅದಕ್ಕಿಂತ ಕೂದಲೆಳೆ ತಗ್ಗಿಸಿ ಅಲಗು ಹಿಡಿಯಿರಿ. ಬಾಯಿಗೆ ಸ್ಕೆಚ್ ಪೆನ್ನಿನ ಬಣ್ಣ ಹಚ್ಚಿ ನಾಲ್ಕು ಸಲ ಉಜ್ಜಿ ನೋಡಿ. ಬಣ್ಣ ಅಂಚಿನವರೆಗೂ ಹೋಗಿದ್ದರೆ ಓರೆ ಸರಿ. ಅಂಚಿನಲ್ಲಿ ಬಣ್ಣ ಉಳಿದಿದ್ದರೆ ಬೆನ್ನು ಸ್ವಲ್ಪ ಎತ್ತಿ. ಒಂದು ಕಡೆ ಉಜ್ಜುತ್ತಾ ಹೋದರೆ ಇನ್ನೊಂದು ಕಡೆಗೆ ಬೆರಳಿಗೆ ತಾಗುವ ಸಣ್ಣ ಅಂಚು ಮಗುಚುತ್ತದೆ. ಅದು ಬಂದ ಮೇಲೆ ಮಗ್ಗುಲು ಬದಲಿಸಿ. ಕೊನೆಗೆ ನುಣುಪು ಕಡೆ, ಆಮೇಲೆ ಹಳೆಯ ಬೆಲ್ಟಿನ ಒಳಮೈ ಮೇಲೆ ಹಿಂದುಹಿಂದಕ್ಕೆ ಹತ್ತು ಸಲ ಎಳೆಯಿರಿ. ಕಾಗದವನ್ನು ಗಾಳಿಯಲ್ಲಿ ಹಿಡಿದು ಕೊಯ್ದಾಗ ಸದ್ದಿಲ್ಲದೆ ಸೀಳಿದರೆ ಆಯಿತು. ವಾರಕ್ಕೆ ಐದು ನಿಮಿಷದ ಕೆಲಸ.

ತುಕ್ಕು, ಅಂಟು, ವಿಷ

ಸ್ಪ್ರಿಂಗ್ ಪಟ್ಟಿಯ ಚೂರಿ ಬಾಳೆಯ ಅಂಟಿಗೆ, ಅಡಿಕೆಯ ಚೊಗರಿಗೆ, ಕಿತ್ತಳೆಯ ಹುಳಿಗೆ ಕಪ್ಪಾಗ್ತದೆ. ಕಪ್ಪು ಕೆಟ್ಟದಲ್ಲ, ಕೆಂಪು ತುಕ್ಕು ಕೆಟ್ಟದ್ದು. ಸಂಜೆ ತೊಳೆದು, ಒರೆಸಿ, ಒಂದು ತೊಟ್ಟು ತೆಂಗಿನೆಣ್ಣೆ ಸವರಿ ಒರೆಯ ಹೊರಗೆ ಇಡಿ. ಹಲಸಿನ ಮೇಣ ಹೋಗುವುದೂ ತೆಂಗಿನೆಣ್ಣೆಗೇ.

ಚೂರಿ ರೋಗವನ್ನೂ ಒಯ್ಯುತ್ತದೆ. ಹಸಿಶುಂಠಿಯ ಬಿತ್ತನೆ ಗೆಡ್ಡೆ ತುಂಡು ಮಾಡುವಾಗ ಒಂದು ಗೆಡ್ಡೆಯಲ್ಲಿ ದುಂಡಾಣು ಸೊರಗು ಇದ್ದರೆ ಅಲಗಿನ ಮೂಲಕ ಮುಂದಿನ ಗೆಡ್ಡೆಗೂ ಹೋಗ್ತದೆ. ಕಿತ್ತಳೆ, ನಿಂಬೆ ಜಾತಿಗೆ ಬರುವ ಕೆಲವು ರೋಗಗಳು ಕಸಿ ಚೂರಿಯಿಂದಲೇ ಗಿಡದಿಂದ ಗಿಡಕ್ಕೆ ದಾಟುತ್ತವೆ. ಅಂಥ ಕೆಲಸದಲ್ಲಿ ಬ್ಲೀಚಿಂಗ್ ನೀರಿನಲ್ಲಿ ಆಗಾಗ ಅದ್ದಿ ಒರೆಸಬೇಕು. ಕೆಲಸ ಮುಗಿದ ಮೇಲೆ ಚೆನ್ನಾಗಿ ತೊಳೆಯಬೇಕು, ಬ್ಲೀಚಿಂಗ್ ನೀರು ಕಬ್ಬಿಣ ತಿನ್ನುತ್ತದೆ.

ಇನ್ನು, ಕೀಟನಾಶಕದ ಪೊಟ್ಟಣ ಸೀಳಿದ ಚೂರಿಯಿಂದ ಕಿತ್ತಳೆ ಕೊಯ್ದು ತಿನ್ನಬೇಡಿ. ಔಷಧಿ ಇಡುವ ಕೋಣೆಗೆ ಒಂದು ಹಳೆಯ ಕತ್ತರಿ ಬೇರೆಯೇ ಇರಲಿ, ಅದು ಅಲ್ಲೇ ತೂಗಿಕೊಂಡಿರಲಿ.

ಕಾನೂನಿನ ಮಾತು

"ಸೊಂಟದಲ್ಲಿ ಚೂರಿ ಇದ್ದರೆ ಪೋಲಿಸರು ಹಿಡಿಯುವುದಿಲ್ಲವೇ?" ಎಂದು ಕೇಳುವವರುಂಟು. ಕೊಡಗಿನವರಿಗೆ ಬಂದೂಕಿನ ವಿನಾಯಿತಿ ಇರುವುದು ಗೊತ್ತಲ್ಲ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಅದು ಬೇರೆ ವಿಷಯ. ಚೂರಿಗೆ ಸಂಬಂಧಿಸಿ 1959ರ ಶಸ್ತ್ರಾಸ್ತ್ರ ಕಾಯಿದೆಯೂ ಅದರ ಕೆಳಗೆ ಬಂದ 2016ರ ನಿಯಮಗಳೂ ಉಂಟು. ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರುವ ಚೂರಿಗಳು ಆಯುಧಗಳ ಪಟ್ಟಿಯಲ್ಲಿ ಬರುತ್ತವೆ. ಮನೆಬಳಕೆಗೆ, ಕೃಷಿಗೆಂದೇ ಮಾಡಿದವು ಅದರಿಂದ ಹೊರಗೆ. ನಮ್ಮ ಮೂರೂವರೆ ಇಂಚಿನ ಚೂರಿ ಆ ಅಳತೆಗೆ ಎಷ್ಟೋ ಕೆಳಗೆ. ಆದರೂ ತೋಟದ ಸಾಮಾನು ತೋಟದಲ್ಲೇ ಇರಲಿ. ಕೋರ್ಟು, ಕಚೇರಿ, ಜಾತ್ರೆ, ದಸರೆಯ ಗದ್ದಲಕ್ಕೆ ಹೋಗುವಾಗ ಮನೆಯಲ್ಲಿ ಬಿಚ್ಚಿಡಿ. ವಿಮಾನದಲ್ಲಿ ಕೈಚೀಲದೊಳಗೆ ಬಿಡುವುದೇ ಇಲ್ಲ. ಚೂರಿ ತೋರಿಸಿ ಯಾರನ್ನಾದರೂ ಬೆದರಿಸಿದರೆ ಅಳತೆಯ ಮಾತು ಯಾರೂ ಕೇಳುವುದಿಲ್ಲ.

ಕೈ ಕೊಯ್ದರೆ

ಎಷ್ಟು ಜಾಗ್ರತೆ ಮಾಡಿದರೂ ಒಂದು ದಿನ ಕೈ ಕೊಯ್ಯುತ್ತದೆ. ಹರಿಯುವ ನೀರಿನಲ್ಲಿ ತೊಳೆಯಿರಿ. ಚೊಕ್ಕ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ, ಕೈ ಎದೆಗಿಂತ ಮೇಲೆ ಎತ್ತಿ ಹಿಡಿಯಿರಿ. ರಕ್ತ ಚಿಮ್ಮುತ್ತಿದ್ದರೆ ತೊಳೆಯುತ್ತಾ ಕೂರದೆ ಮೊದಲೇ ಒತ್ತಿ. ಕಾಫಿಪುಡಿ, ಅರಸಿನ, ಬೀಡಿಯ ಬೂದಿ ಯಾವುದೂ ಬೇಡ. ಆಮೇಲೆ ಎರಡು ಪರೀಕ್ಷೆ ಮಾಡಿ. ಒಂದು, ಬೆರಳಿನ ಪ್ರತಿಯೊಂದು ಗಂಟೂ ಬೇರೆ ಬೇರೆಯಾಗಿ ಮಡಚುತ್ತದೋ, ನೆಟ್ಟಗಾಗ್ತದೋ? ಎರಡು, ಬೆರಳ ತುದಿಯ ಎರಡೂ ಮಗ್ಗುಲಲ್ಲಿ ಮುಟ್ಟಿದ್ದು ತಿಳಿಯುತ್ತದೋ? ಒಂದರಲ್ಲಿ ಸಂಶಯ ಬಂದರೂ ಗಾಯ ಎಷ್ಟೇ ಸಣ್ಣದಿರಲಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಹಾಕಿಸಿದ್ದೆಂದು ನೆನಪಿಲ್ಲದಿದ್ದರೆ ಅದನ್ನೂ ಕೇಳಿ ಹಾಕಿಸಿಕೊಳ್ಳಿ. ಕೊಟ್ಟಿಗೆ, ಗೊಬ್ಬರದ ನಡುವೆ ಬದುಕುವವರು ನಾವು.

ಈ ಎರಡು ಪರೀಕ್ಷೆ ನನಗೆ ಆ ದಿನ ಗೊತ್ತಿದ್ದರೆ ಬೆರಳು ಉಳಿಯುತ್ತಿತ್ತು. ಇಷ್ಟು ಉದ್ದ ಬರೆದದ್ದೂ ಅದಕ್ಕೇ.

ಕೊನೆಗೊಂದು ಮಾತು

ಕೈಲ್ ಮುಹೂರ್ತದ ದಿನ ಬಂದೂಕು, ಒಡಿಕತ್ತಿ, ಪೀಚೆಕತ್ತಿಗಳ ಜೊತೆ ನೇಗಿಲು ನೊಗವನ್ನೂ ಇಟ್ಟು, ತೋಕ್ ಪೂ ಮುಡಿಸಿ ಪೂಜೆ ಮಾಡುವುದು ಇಲ್ಲಿಯ ಪದ್ಧತಿ. ನನ್ನ ಪೈಪಿನ ಒರೆಯ ಚೂರಿಯನ್ನೂ ಈಗ ಆ ಸಾಲಿನ ಕೊನೆಗೆ ಇಡ್ತೇನೆ. ಮೊದಲ ವರ್ಷ ಮಕ್ಕಳು ನಕ್ಕರು. ಆಮೇಲೆ ಮಗನೂ ಒಂದು ಮಾಡಿಸಿಕೊಂಡ. ಕಬ್ಬಿಣ ನಮ್ಮದೇ, ಮರ ನಮ್ಮದೇ, ಒರೆಯ ಪೈಪು ಗುಜರಿಯದ್ದು. ಆಚಾರರಿಗೆ ಕೊಟ್ಟದ್ದು ತೋಟದ ಒಂದಾಳಿನ ಒಂದು ದಿನದ ಸಂಬಳಕ್ಕಿಂತ ಹೆಚ್ಚಾಗಲಿಲ್ಲ.

ಕುಲುಮೆಗಳು ಒಂದೊಂದಾಗಿ ಮುಚ್ಚುತ್ತಿವೆ. ನಿಮ್ಮ ಊರಿನಲ್ಲಿ ಹದ ಬಲ್ಲ ಆಚಾರಿ ಇನ್ನೂ ಇದ್ದರೆ ಈ ಬೇಸಿಗೆಯಲ್ಲೇ ಒಂದು ಮಾಡಿಸಿಕೊಳ್ಳಿ. ಹದ ಹಾಕುವಾಗ ಹತ್ತಿರ ಕೂತು ನೋಡಿ. ನಿಮ್ಮ ಕಡೆಯ ಚೂರಿಯ ಅಳತೆ, ಹಿಡಿಯ ಮರ, ಒರೆಯ ಕ್ರಮ ಬೇರೆ ಇದ್ದರೆ ಬರೆದು ತಿಳಿಸಿ. ನನಗಿಂತ ಒಳ್ಳೆಯ ಉಪಾಯ ಯಾರದಾದರೂ ಇದ್ದೇ ಇರುತ್ತದೆ.